ಫಲಿತಾಂಶ ಮೊದಲೇ ನಿಗದಿ. ಹಾಗಾದರೆ ಪ್ರೊ ರೆಸ್ಲಿಂಗ್ ಪಂದ್ಯ ಚೆನ್ನಾಗಿತ್ತೋ ಇಲ್ಲವೋ ಅಳೆಯುವುದು ಹೇಗೆ? ಹೈದರಾಬಾದ್ ಷೋ ಹೇಳುವ ಪಾಠ

ಹೈದರಾಬಾದ್: 2023ರ ಸೆಪ್ಟೆಂಬರ್ 8, ಶುಕ್ರವಾರ. ಗಚ್ಚಿಬೌಲಿಯ ಜಿಎಂಸಿ ಬಾಲಯೋಗಿ ಒಳಾಂಗಣ ಕ್ರೀಡಾಂಗಣದಲ್ಲಿ ಡಬ್ಲ್ಯುಡಬ್ಲ್ಯುಇ ಸಂಸ್ಥೆಯ 'ಸೂಪರ್‌ಸ್ಟಾರ್ ಸ್ಪೆಕ್ಟಾಕಲ್' ನಡೆಯಿತು. 2017ರ ಡಿಸೆಂಬರ್‌ನ ದೆಹಲಿ ಷೋ ಬಳಿಕ ಈ ಸಂಸ್ಥೆ ಭಾರತದಲ್ಲಿ ರಿಂಗ್ ಕಟ್ಟಿದ್ದು ಅದೇ ಮೊದಲು. ಜಾನ್ ಸೀನಾ ಭಾರತದ ನೆಲದಲ್ಲಿ ಪಂದ್ಯವಾಡಿದ್ದೂ ಅದೇ ಮೊದಲು. ಕೊನೆಯ ಪಂದ್ಯದಲ್ಲಿ ಸೀನಾ ಮತ್ತು ಸೇತ್ ರೋಲಿನ್ಸ್ ಜೋಡಿ, ಲುಡ್ವಿಗ್ ಕೈಸರ್ ಮತ್ತು ಜಿಯೊವಾನಿ ವಿಂಚಿ ಜೋಡಿಯನ್ನು ಸೋಲಿಸಿತು. ಏಳು ಅಡಿ ಎತ್ತರದ ಹರಿಯಾಣದ ಶ್ಯಾಂಕಿ, ಚಾಂಪಿಯನ್ ಗುಂಥರ್ ಎದುರು ಸೋತರು. ವೀರ್ ಮಹಾನ್ ಮತ್ತು ಸಂಗಾ ಅವರ 'ಇಂಡಸ್ ಶೇರ್' ಜೋಡಿ ಕೆವಿನ್ ಓವೆನ್ಸ್ ಮತ್ತು ಸಾಮಿ ಝೇನ್ ಎದುರು ಸೋತಿತು.

ಇಂಥ ಷೋ ಮುಗಿದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. 'ಎಲ್ಲ ಮೊದಲೇ ಬರೆದಿಟ್ಟ ನಾಟಕ, ಅದರಲ್ಲಿ ವಿಮರ್ಶೆ ಮಾಡುವುದೇನಿದೆ?' ಎನ್ನುವುದು ಒಂದು. 'ನಮ್ಮವರನ್ನು ನಮ್ಮ ನೆಲದಲ್ಲೇ ಸೋಲಿಸಿದರು' ಎನ್ನುವುದು ಇನ್ನೊಂದು. ಪ್ರೊ ರೆಸ್ಲಿಂಗ್ ಪಂದ್ಯವನ್ನು ಅಳೆಯುವ ಕ್ರಮ ಗೊತ್ತಾದರೆ ಎರಡಕ್ಕೂ ಉತ್ತರ ಸಿಗುತ್ತದೆ. ಅಮೆರಿಕ, ಜಪಾನ್, ಬ್ರಿಟನ್‌ನಲ್ಲಿ ಊರ ಸಭಾಂಗಣಗಳಲ್ಲಿ ನಡೆಯುವ ಸಣ್ಣ ಸ್ವತಂತ್ರ ಷೋಗಳ ಪಂದ್ಯಗಳನ್ನೂ ಅಭಿಮಾನಿಗಳು ದಶಕಗಳಿಂದ ಒಂದೊಂದಾಗಿ ವಿಮರ್ಶಿಸುತ್ತಾ ಬಂದಿದ್ದಾರೆ. ಆ ಅಳತೆಗೋಲು ಏನು, ಹೈದರಾಬಾದ್‌ನ ಆ ರಾತ್ರಿಯನ್ನು ಅದರಲ್ಲಿ ಅಳೆದರೆ ಏನು ಕಾಣುತ್ತದೆ? ಇಲ್ಲಿದೆ ವಿವರ.

ಫಲಿತಾಂಶ ನಿಗದಿ, ಪೆಟ್ಟು ನಿಜ

ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಇದು ಗುಟ್ಟಾಗಿ ಉಳಿದಿಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕ್ರೀಡಾ ನಿಯಂತ್ರಣ ಮಂಡಳಿಯ ಹಿಡಿತದಿಂದ ತಪ್ಪಿಸಿಕೊಳ್ಳಲು, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಈಗಿನ ಡಬ್ಲ್ಯುಡಬ್ಲ್ಯುಇ ಸಂಸ್ಥೆಯೇ ಹೇಳಿಕೊಂಡಿತ್ತು. ಅದಕ್ಕೂ ಮುನ್ನ ರಿಂಗ್‌ನ ಒಳಗೂ ಹೊರಗೂ ಎಲ್ಲವೂ ನಿಜವೆಂದೇ ನಟಿಸಬೇಕು ಎಂಬ ಕಟ್ಟುನಿಟ್ಟಿನ ನಿಯಮವಿತ್ತು. ಈ ಲೋಕದ ಭಾಷೆಯಲ್ಲಿ ಅದಕ್ಕೆ 'ಕೇಫೇಬ್' ಎನ್ನುತ್ತಾರೆ.

ಆದರೆ ದೇಹ ಬೀಳುವುದು ಸುಳ್ಳಲ್ಲ. ರಿಂಗ್ ಎಂದರೆ ಮರದ ಹಲಗೆ, ಅದರ ಮೇಲೆ ತೆಳು ಫೋಮ್, ಅದರ ಮೇಲೆ ಕ್ಯಾನ್ವಾಸ್. ಗದ್ದವನ್ನು ಎದೆಗೆ ಒತ್ತಿ, ಬೆನ್ನಿನ ಮೇಲ್ಭಾಗ ಪೂರ್ತಿ ಹರಡಿ ಬೀಳುವುದನ್ನು ಕಲಿಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅದಕ್ಕೆ 'ಬಂಪ್' ಎಂದು ಹೆಸರು. ಕಲಿತವರಿಗೂ ಅಪಾಯ ತಪ್ಪಿದ್ದಲ್ಲ. ಜಪಾನಿನ ದಿಗ್ಗಜ ಮಿತ್ಸುಹಾರು ಮಿಸಾವಾ 2009ರ ಜೂನ್ 13ರಂದು ಹಿರೋಷಿಮಾದಲ್ಲಿ ಪಂದ್ಯದ ನಡುವೆ ಬಿದ್ದ ಪೆಟ್ಟಿಗೆ ಮೃತಪಟ್ಟರು. ಮೆಕ್ಸಿಕೊದ ಪೆರ್ರೊ ಅಗ್ವಾಯೊ ಜೂನಿಯರ್ 2015ರ ಮಾರ್ಚ್‌ನಲ್ಲಿ ಟಿಹುವಾನಾದ ಸ್ವತಂತ್ರ ಷೋ ಒಂದರಲ್ಲಿ ರಿಂಗ್‌ನಲ್ಲೇ ಪ್ರಜ್ಞೆ ತಪ್ಪಿ ಪ್ರಾಣ ಕಳೆದುಕೊಂಡರು.

ಕೊನೆ ಗೊತ್ತಿರುವ ಆಟವನ್ನು ಕೂತು ನೋಡುವುದು ಕನ್ನಡಿಗರಿಗೆ ಹೊಸತೇನೂ ಅಲ್ಲ. ಯಕ್ಷಗಾನದ ಗದಾಯುದ್ಧ ಪ್ರಸಂಗದಲ್ಲಿ ಕೌರವನ ತೊಡೆ ಮುರಿಯುತ್ತದೆ ಎಂಬುದು ಮಗುವಿಗೂ ಗೊತ್ತು. ಆದರೂ ಜನ ನಿದ್ದೆಗೆಟ್ಟು ಕೂರುತ್ತಾರೆ. ಮರುದಿನ 'ಕೌರವ ಚೆನ್ನಾಗಿದ್ದ, ಭೀಮನ ಪ್ರವೇಶ ಸಪ್ಪೆ' ಎಂದು ಚರ್ಚೆ ನಡೆಯುತ್ತದೆ. ಗೆದ್ದದ್ದು ಯಾರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೊನೆಯವರೆಗೆ ಹೇಗೆ ಕರೆದೊಯ್ದರು ಎಂದು ಕೇಳುತ್ತಾರೆ. ರೆಸ್ಲಿಂಗ್ ವಿಮರ್ಶೆ ಶುರುವಾಗುವುದೂ ಅಲ್ಲಿಂದಲೇ.

ವಿಮರ್ಶಕರು ಏನನ್ನು ನೋಡುತ್ತಾರೆ?

ಬೇರೆ ಬೇರೆ ವಿಮರ್ಶಕರ ರುಚಿ ಬೇರೆ ಬೇರೆ. ಆದರೂ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆಗಳು ಇವು.

ಜೋಡಿ ಸರಿಯಾಗಿದೆಯೇ?: ಮೈಸೂರು ದಸರಾ ಕುಸ್ತಿಗೆ ಮುನ್ನ ಪೈಲ್ವಾನರ ಜೋಡಿ ಕಟ್ಟುವ ಕಾರ್ಯಕ್ರಮವೇ ಇರುತ್ತದೆ. ಸಮಬಲರು ಎದುರಾಗಲಿ ಎಂಬುದು ಅದರ ಉದ್ದೇಶ. ಪ್ರೊ ರೆಸ್ಲಿಂಗ್‌ನಲ್ಲಿ ಜೋಡಿ ಕಟ್ಟುವವರನ್ನು 'ಬುಕ್ಕರ್' ಎನ್ನುತ್ತಾರೆ. ಇಲ್ಲಿ ಸಮಬಲ ಕಡ್ಡಾಯವಲ್ಲ. ಆನೆಯಂಥವನ ಎದುರು ಇಲಿಯಂಥವನನ್ನು ನಿಲ್ಲಿಸಬಹುದು. ಆದರೆ ಇಲಿಗೆ ಒಂದು ಉಪಾಯ ಇದೆ ಎಂದು ಪ್ರೇಕ್ಷಕರಿಗೆ ಅನಿಸಬೇಕು.

ಕಥೆ ಅರ್ಥವಾಗುತ್ತದೆಯೇ?: ಜನ ಮೆಚ್ಚುವ ನಾಯಕ 'ಬೇಬಿಫೇಸ್'. ಜನ ಬೈಯುವ ಖಳ 'ಹೀಲ್'. ನಾಯಕ ಮಿಂಚುತ್ತಾನೆ, ಖಳ ಮೋಸದಿಂದ ಹಿಡಿತ ಸಾಧಿಸುತ್ತಾನೆ, ನಾಯಕ ತಿರುಗಿ ಬೀಳುತ್ತಾನೆ. ಇದು ಹಳೆಯ ಚೌಕಟ್ಟು. ಭಾಷೆ ಬಾರದವರಿಗೂ ರಿಂಗ್ ನೋಡಿದರೆ ಯಾರು ಯಾರೆಂದು ತಿಳಿಯಬೇಕು.

ನೋವು ನೆನಪಿದೆಯೇ?: ಎರಡು ನಿಮಿಷ ಮೊಣಕಾಲಿಗೆ ಪೆಟ್ಟು ತಿಂದವನು ಮೂರನೇ ನಿಮಿಷದಲ್ಲಿ ಓಡಿ ಹಾರಿದರೆ ನಂಬಿಕೆ ಮುರಿಯುತ್ತದೆ. ಪೆಟ್ಟಿನ ಪರಿಣಾಮವನ್ನು ದೇಹದಲ್ಲಿ ಉಳಿಸಿಕೊಂಡು ತೋರಿಸುವುದಕ್ಕೆ 'ಸೆಲ್ಲಿಂಗ್' ಎನ್ನುತ್ತಾರೆ. ಸ್ವತಂತ್ರ ಷೋಗಳ ಯುವ ಕುಸ್ತಿಪಟುಗಳ ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಕಾಣುವ ಟೀಕೆ ಇದೇ: ಪಟ್ಟುಗಳು ಬೆರಗು ಹುಟ್ಟಿಸುತ್ತವೆ, ಆದರೆ ಯಾವ ಪಟ್ಟಿಗೂ ಬೆಲೆ ಇಲ್ಲ.

ಗತಿ ಮತ್ತು ಮುಕ್ತಾಯ ಹೇಗಿದೆ?: ಭುಜ ನೆಲಕ್ಕೆ ತಾಗಿ ರೆಫರಿ ಮೂರು ಎಣಿಸಿದರೆ ಪಂದ್ಯ ಮುಗಿಯುತ್ತದೆ. ಎರಡೂವರೆಗೆ ಭುಜ ಎತ್ತುವುದು 'ನಿಯರ್ ಫಾಲ್'. ಹದವಾಗಿ ಬಳಸಿದರೆ ಇಡೀ ಸಭಾಂಗಣ ಎದ್ದು ನಿಲ್ಲುತ್ತದೆ. ಹತ್ತು ಸಲ ಬಳಸಿದರೆ ಹನ್ನೊಂದನೆಯದನ್ನು ಯಾರೂ ನಂಬುವುದಿಲ್ಲ.

ಸುರಕ್ಷಿತವಾಗಿತ್ತೇ?: ಎದುರಾಳಿಯ ತಲೆ, ಕುತ್ತಿಗೆಯನ್ನು ಕಾಪಾಡುವುದು ಈ ಕಲೆಯ ಮೊದಲ ಪಾಠ. ಎದುರಾಳಿಯನ್ನು ನಿಜವಾಗಿ ಗಾಯಗೊಳಿಸುವವನು ಒಳ್ಳೆಯ ಕುಸ್ತಿಪಟು ಅಲ್ಲ, ಕೆಟ್ಟ ಕುಸ್ತಿಪಟು. ಕ್ರೀಡೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಇಲ್ಲಿ ಎದುರಾಳಿಯೇ ಜೊತೆಗಾರ.

ನಕ್ಷತ್ರಗಳ ಲೆಕ್ಕ

ಈ ಎಲ್ಲವನ್ನೂ ಒಂದು ಅಂಕೆಗೆ ಇಳಿಸುವ ಪದ್ಧತಿಯೂ ಇದೆ. 'ರೆಸ್ಲಿಂಗ್ ಅಬ್ಸರ್ವರ್' ಪತ್ರಿಕೆಯ ಡೇವ್ ಮೆಲ್ಟ್ಸರ್ 1980ರ ದಶಕದಿಂದ ಪಂದ್ಯಗಳಿಗೆ ನಕ್ಷತ್ರ ನೀಡುತ್ತಾ ಬಂದಿದ್ದಾರೆ. ಪೂರ್ಣ ಅಂಕ 5. ಜಾನ್ ಸೀನಾ ಮತ್ತು ಸಿಎಂ ಪಂಕ್ ನಡುವೆ 2011ರ ಜುಲೈನಲ್ಲಿ ಷಿಕಾಗೊದಲ್ಲಿ ನಡೆದ ಪಂದ್ಯಕ್ಕೆ ಅವರು 5 ಕೊಟ್ಟರು. ಡಬ್ಲ್ಯುಡಬ್ಲ್ಯುಇ ಪಂದ್ಯವೊಂದಕ್ಕೆ ಅಷ್ಟು ಸಿಕ್ಕಿದ್ದು 1997ರ ಬಳಿಕ ಅದೇ ಮೊದಲು. 2018ರ ಜೂನ್‌ನಲ್ಲಿ ಒಸಾಕಾದಲ್ಲಿ ನಡೆದ ಕೆನ್ನಿ ಒಮೆಗಾ ಮತ್ತು ಕಝುಚಿಕಾ ಒಕಾಡಾ ಪಂದ್ಯಕ್ಕೆ 5ರ ಮಿತಿ ದಾಟಿ 7 ನಕ್ಷತ್ರ ಕೊಟ್ಟಾಗ ಅಭಿಮಾನಿಗಳ ನಡುವೆ ದೊಡ್ಡ ಜಗಳವೇ ಆಯಿತು.

ನಕ್ಷತ್ರ ಒಬ್ಬನ ರುಚಿ ಅಷ್ಟೇ ಎನ್ನುವವರು ಬಹಳ. ಅದು ನಿಜ ಕೂಡ. ಆದರೆ ಈ ಪದ್ಧತಿಯಿಂದ ಒಂದು ಉಪಕಾರವಾಯಿತು. ಟಿವಿಯಲ್ಲಿ ಬಾರದ, ಕೆಲವೇ ನೂರು ಜನರ ಮುಂದೆ ನಡೆದ ಪಂದ್ಯವನ್ನೂ ದೊಡ್ಡ ಕ್ರೀಡಾಂಗಣದ ಪಂದ್ಯದ ಪಕ್ಕದಲ್ಲೇ ಇಟ್ಟು ನೋಡುವ ಅಭ್ಯಾಸ ಬೆಳೆಯಿತು. ಎಷ್ಟೋ ಹೆಸರಿಲ್ಲದ ಕುಸ್ತಿಪಟುಗಳು ಇಂಥ ವಿಮರ್ಶೆಗಳಿಂದಲೇ ಬೇರೆ ದೇಶಗಳ ಅಭಿಮಾನಿಗಳಿಗೆ ಪರಿಚಯವಾದರು.

ಹೈದರಾಬಾದ್ ರಾತ್ರಿಯನ್ನು ಅಳೆದರೆ

ಈಗ ಅದೇ ಪ್ರಶ್ನೆಗಳನ್ನು ಗಚ್ಚಿಬೌಲಿಗೆ ತರೋಣ.

ಮೊದಲು ಜೋಡಿ. ಆ ವಾರವೇ ಗುಂಥರ್, ಹಾಂಕಿ ಟಾಂಕ್ ಮ್ಯಾನ್ ಅವರ 454 ದಿನಗಳ ದಾಖಲೆ ಮುರಿದು ಅತಿ ದೀರ್ಘಾವಧಿಯ ಇಂಟರ್‌ಕಾಂಟಿನೆಂಟಲ್ ಚಾಂಪಿಯನ್ ಆಗಿದ್ದರು. ಅಂಥವರು ಹೈದರಾಬಾದ್‌ನಲ್ಲಿ ಶ್ಯಾಂಕಿಗೆ ಸೋಲುತ್ತಾರೆ ಎಂದು ನಂಬುವವರು ಯಾರು? ಯಾರು ಗೆಲ್ಲಬಹುದು ಎಂಬ ಅನುಮಾನವೇ ಇಲ್ಲದಿದ್ದರೆ ಪಂದ್ಯದ ಅರ್ಧ ಬಲ ಗಂಟೆ ಹೊಡೆಯುವ ಮುನ್ನವೇ ಹೋಗುತ್ತದೆ. ಸೀನಾ ಪಂದ್ಯದಲ್ಲೂ ಅನುಮಾನ ಇರಲಿಲ್ಲ. ಆದರೆ ಅಲ್ಲಿ ಅದು ಬೇಕಾಗಿಯೂ ಇರಲಿಲ್ಲ. ಎರಡು ದಶಕ ಟಿವಿಯಲ್ಲಿ ನೋಡಿದವನನ್ನು ಕಣ್ಣೆದುರು ನೋಡಬೇಕು, ಅವನ ಗುರುತಿನ ಪಟ್ಟುಗಳು ಒಂದಾದ ಮೇಲೊಂದು ಬರಬೇಕು ಎಂಬುದಷ್ಟೇ ಜನರ ಬಯಕೆ. ಅಂಥ ಪಂದ್ಯವನ್ನು ಒಸಾಕಾದ ಪಂದ್ಯದ ಜೊತೆ ತೂಗುವುದು ನ್ಯಾಯವಲ್ಲ.

ಎರಡನೆಯದು ಸೋಲಿನ ಬಳಕೆ. ಈ ಕಲೆಯಲ್ಲಿ ಸೋಲು ಅವಮಾನವೇ ಆಗಬೇಕಿಲ್ಲ. 1997ರ ರೆಸಲ್‌ಮೇನಿಯಾದಲ್ಲಿ ಸ್ಟೀವ್ ಆಸ್ಟಿನ್ ಅವರು ಬ್ರೆಟ್ ಹಾರ್ಟ್ ಎದುರು ಸೋತರು. ಮುಖದ ತುಂಬ ರಕ್ತ, ಆದರೂ ಸೋಲೊಪ್ಪಿಕೊಳ್ಳದೆ ಪ್ರಜ್ಞೆ ತಪ್ಪುವವರೆಗೆ ಪಟ್ಟಿನಲ್ಲಿ ಒದ್ದಾಡಿದರು. ಖಳನಾಗಿ ರಿಂಗ್‌ಗೆ ಬಂದ ಆಸ್ಟಿನ್, ಸೋತು ನಾಯಕನಾಗಿ ಹೊರನಡೆದರು. ಸೋತ ಮೇಲೆ ಆತನನ್ನು ಮತ್ತೆ ನೋಡಬೇಕು ಅನಿಸಿತೇ ಎಂಬುದೇ ವಿಮರ್ಶಕರ ಪ್ರಶ್ನೆ.

ಆ ಅಳತೆಯಲ್ಲಿ ಹೈದರಾಬಾದ್ ಷೋ ನಿರಾಸೆ ತರುತ್ತದೆ. ಅಲ್ಲಿ ಸೋತ ಭಾರತೀಯರಿಗೆ ಮುಂದಿನ ಅಧ್ಯಾಯವೇ ಬರಲಿಲ್ಲ. ಷೋ ಮುಗಿದ 13 ದಿನಕ್ಕೆ, ಸೆಪ್ಟೆಂಬರ್ 21ರಂದು, ಶ್ಯಾಂಕಿಯನ್ನು ಸಂಸ್ಥೆ ಕೈಬಿಟ್ಟಿತು. 2024ರ ಏಪ್ರಿಲ್‌ನಲ್ಲಿ ವೀರ್ ಮಹಾನ್, ಸಂಗಾ ಮತ್ತು ಜಿಂದರ್ ಮಹಲ್ ಕೂಡ ಹೊರಬಿದ್ದರು. 2017ರಲ್ಲೂ ಹೀಗೆಯೇ ಆಗಿತ್ತು. ಆ ವರ್ಷ ಮೇ ತಿಂಗಳಲ್ಲಿ ಪಂಜಾಬಿ ಮೂಲದ ಕೆನಡಿಗ ಜಿಂದರ್ ಮಹಲ್ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದರು. ದೆಹಲಿ ಷೋಗೆ ತಿಂಗಳು ಇರುವಾಗ ಪಟ್ಟ ಕೈತಪ್ಪಿತು. ದೆಹಲಿಯಲ್ಲಿ ಟ್ರಿಪಲ್ ಎಚ್ ಎದುರು ಸೋತರು, ಬಳಿಕ ಇಬ್ಬರೂ ಭಾಂಗ್ರಾ ಕುಣಿದರು. ಟಿಕೆಟ್ ಮಾರಲು ಭಾರತೀಯ ಮುಖ ಬೇಕು, ಕಥೆ ಮುಂದುವರಿಸಲು ಬೇಡ ಎಂಬ ದೂರು ಹುಟ್ಟಿದ್ದು ಹೀಗೆ.

ದೂರಿನಲ್ಲಿ ಹುರುಳಿದೆ. ಆದರೆ ಅದು ಪೂರ್ತಿ ಸತ್ಯವಲ್ಲ. ಇನ್ನರ್ಧ ಸತ್ಯ ರಿಂಗ್‌ನಲ್ಲೇ ಕಾಣುತ್ತದೆ.

ಎದುರಿಗಿದ್ದವರು ಎಲ್ಲಿಂದ ಬಂದರು?

ಇಂಡಸ್ ಶೇರ್ ಎದುರು ನಿಂತಿದ್ದ ಓವೆನ್ಸ್ ಮತ್ತು ಝೇನ್ ಕೆನಡಾದ ಕ್ವಿಬೆಕ್ ಪ್ರಾಂತ್ಯದವರು. ಓವೆನ್ಸ್ ರಿಂಗ್‌ಗೆ ಇಳಿದದ್ದು 2000ದಲ್ಲಿ, ಝೇನ್ 2002ರಲ್ಲಿ. ಝೇನ್ ಆಗ ಮುಖವಾಡ ತೊಟ್ಟು 'ಎಲ್ ಜೆನೆರಿಕೊ' ಎಂಬ ಹೆಸರಿನಲ್ಲಿ ಆಡುತ್ತಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಬ್ಬರೂ ಸ್ವತಂತ್ರ ಷೋಗಳಲ್ಲಿ ಒಮ್ಮೆ ಜೋಡಿಯಾಗಿ, ಒಮ್ಮೆ ಶತ್ರುಗಳಾಗಿ ಆಡಿದ ಮೇಲಷ್ಟೇ ಝೇನ್ 2013ರಲ್ಲಿ, ಓವೆನ್ಸ್ 2014ರಲ್ಲಿ ಡಬ್ಲ್ಯುಡಬ್ಲ್ಯುಇ ಸೇರಿದರು.

ಸ್ವತಂತ್ರ ಷೋ ಎಂದರೆ ದೊಡ್ಡ ಟಿವಿ ಒಪ್ಪಂದವಿಲ್ಲದ ಸಣ್ಣ ಸಂಸ್ಥೆಗಳು ಶಾಲೆ, ಕ್ಲಬ್, ಸಮುದಾಯ ಭವನಗಳಲ್ಲಿ ನಡೆಸುವ ಪ್ರದರ್ಶನ. ರಾತ್ರಿಗಿಷ್ಟು ಎಂದು ಸಂಭಾವನೆ. ಕುಸ್ತಿಪಟುಗಳೇ ರಿಂಗ್ ಜೋಡಿಸಿ, ಟೀ ಶರ್ಟ್ ಮಾರಿ, ಮರುದಿನ ಇನ್ನೊಂದು ಊರಿಗೆ ಹೋಗುವುದೂ ಉಂಟು. ನಮ್ಮ ಮೇಳಗಳ ತಿರುಗಾಟದ ಹಾಗೆಯೇ. ಅಲ್ಲಿ ಪ್ರೇಕ್ಷಕರು ರಿಂಗ್‌ನಿಂದ ಕೆಲವೇ ಅಡಿ ದೂರ. ಪೆಟ್ಟು ಸುಳ್ಳಾದರೆ, ಕಥೆ ಬೇಸರವಾದರೆ ಆಗಲೇ ಗೊತ್ತಾಗುತ್ತದೆ.

ಗುಂಥರ್ 2005ರಲ್ಲಿ ಶುರು ಮಾಡಿ 'ವಾಲ್ಟರ್' ಎಂಬ ಹೆಸರಿನಲ್ಲಿ ಜರ್ಮನಿ, ಬ್ರಿಟನ್‌ನ ಸ್ವತಂತ್ರ ರಿಂಗ್‌ಗಳಲ್ಲಿ ಹೆಸರು ಮಾಡಿದವರು. ರೋಲಿನ್ಸ್ 'ಟೈಲರ್ ಬ್ಲ್ಯಾಕ್' ಆಗಿ 2010ರಲ್ಲಿ 'ರಿಂಗ್ ಆಫ್ ಆನರ್' ಚಾಂಪಿಯನ್ ಆಗಿದ್ದರು. ಅದೇ ರಾತ್ರಿ ನಟಾಲ್ಯಾ ಅವರನ್ನು ಸೋಲಿಸಿದ ರಿಯಾ ರಿಪ್ಲೆ ಆಸ್ಟ್ರೇಲಿಯಾದ ಅಡಿಲೇಡ್‌ನ ಸ್ಥಳೀಯ ಷೋಗಳಿಂದ ಬಂದವರು. ನಟಾಲ್ಯಾ ಕಲಿತದ್ದು ಕ್ಯಾಲ್ಗರಿಯ ಹಾರ್ಟ್ ಕುಟುಂಬದ ನೆಲಮಾಳಿಗೆಯ ಗರಡಿಯಲ್ಲಿ. ಸೀನಾ ಕೂಡ ಕ್ಯಾಲಿಫೋರ್ನಿಯಾದ ಸಣ್ಣ ಸಂಸ್ಥೆಯೊಂದರಲ್ಲಿ 'ಪ್ರೊಟೊಟೈಪ್' ಎಂಬ ಹೆಸರಿನಿಂದ ಆರಂಭಿಸಿದವರು.

ಇನ್ನು ನಮ್ಮವರು. ವೀರ್ ಮಹಾನ್ ಎಂದರೆ ಉತ್ತರ ಪ್ರದೇಶದ ರಿಂಕು ಸಿಂಗ್. ಈಟಿ ಎಸೆಯುತ್ತಿದ್ದ ಹುಡುಗ. 2008ರಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆ ಗೆದ್ದು ಅಮೆರಿಕದ ಬೇಸ್‌ಬಾಲ್‌ಗೆ ಹೋದರು, 2018ರಲ್ಲಿ ನೇರವಾಗಿ ಡಬ್ಲ್ಯುಡಬ್ಲ್ಯುಇ ತರಬೇತಿ ಕೇಂದ್ರ ಸೇರಿದರು. ಸಂಗಾ ಎಂದರೆ ಸೌರವ್ ಗುರ್ಜರ್. ಕನ್ನಡಕ್ಕೆ ಡಬ್ ಆಗಿ ಬಂದ ಸ್ಟಾರ್ ಪ್ಲಸ್‌ನ 'ಮಹಾಭಾರತ' ಧಾರಾವಾಹಿಯ ಭೀಮ ಇವರೇ. ಇಬ್ಬರಲ್ಲೂ ದೇಹವಿದೆ, ಶಿಸ್ತಿದೆ, ಮುಖಪರಿಚಯವೂ ಇದೆ. ಇಲ್ಲದಿದ್ದದ್ದು ಹೆಸರಿಲ್ಲದ ಊರುಗಳಲ್ಲಿ ಸೋತು, ಗೆದ್ದು, ಎಡವಿ ಕಲಿಯುವ ನೂರಾರು ರಾತ್ರಿಗಳು. ಅವರು ಬಹುಪಾಲು ಕಲಿಯಬೇಕಾಗಿ ಬಂದದ್ದು ಜಗತ್ತಿನ ಅತಿ ದೊಡ್ಡ ಸಂಸ್ಥೆಯೊಳಗೇ.

ಭಾರತದಲ್ಲಿ ಸಣ್ಣ ರಿಂಗ್ ಏಕೆ ನಿಲ್ಲಲಿಲ್ಲ?

ಪ್ರೇಕ್ಷಕರ ಕೊರತೆ ಎಂದೂ ಇರಲಿಲ್ಲ. 1950 ಮತ್ತು 60ರ ದಶಕಗಳಲ್ಲಿ ದಾರಾ ಸಿಂಗ್ ಮತ್ತು ಕಿಂಗ್ ಕಾಂಗ್ ಅವರ 'ಫ್ರೀಸ್ಟೈಲ್ ಕುಸ್ತಿ'ಗೆ ಜನ ಮುಗಿಬೀಳುತ್ತಿದ್ದರು. 1968ರ ಮೇ 29ರಂದು ಬಾಂಬೆಯಲ್ಲಿ ದಾರಾ ಸಿಂಗ್ ಅಮೆರಿಕದ ಲೂ ಥೆಸ್ ಅವರನ್ನು ಸೋಲಿಸಿದ್ದು ದಂತಕಥೆಯಾಗಿದೆ. ಆದರೆ ಆ ಕಾಲದ ಷೋಗಳು ಒಬ್ಬ ತಾರೆಯ ಸುತ್ತ ತಿರುಗುತ್ತಿದ್ದವು. 1983ರಲ್ಲಿ ದಾರಾ ನಿವೃತ್ತರಾದ ಮೇಲೆ ಜನರನ್ನು ಸೆಳೆಯುವ ಇನ್ನೊಂದು ಹೆಸರು ಸಿದ್ಧವಿರಲಿಲ್ಲ.

2012ರ ಜನವರಿಯಲ್ಲಿ ಅಮೆರಿಕದ ಟಿಎನ್‌ಎ ಸಂಸ್ಥೆ ಕಲರ್ಸ್ ವಾಹಿನಿಗಾಗಿ 'ರಿಂಗ್ ಕಾ ಕಿಂಗ್' ತಂದಿತು. ಪುಣೆಯ ಬಾಲೇವಾಡಿಯಲ್ಲಿ ಚಿತ್ರೀಕರಿಸಿದ 26 ಸಂಚಿಕೆ ಪ್ರಸಾರವಾದವು. ಹರ್ಭಜನ್ ಸಿಂಗ್ ರಾಯಭಾರಿ. ಎರಡನೇ ಆವೃತ್ತಿ ಬರಲೇ ಇಲ್ಲ. ಟಿವಿಗಾಗಿ ಕಟ್ಟಿದ ರಿಂಗ್, ಟಿವಿ ಆರಿಸಿದೊಡನೆ ಬಿಚ್ಚಿಹೋಯಿತು.

2015ರಲ್ಲಿ ಗ್ರೇಟ್ ಖಲಿ ಜಲಂಧರ್‌ನಲ್ಲಿ ಸಿಡಬ್ಲ್ಯುಇ ಎಂಬ ಶಾಲೆ ತೆರೆದದ್ದು ಇದಕ್ಕೆ ಅಪವಾದ. ಡಬ್ಲ್ಯುಡಬ್ಲ್ಯುಇ ರಿಂಗ್ ಏರಿದ ಮೊದಲ ಭಾರತೀಯ ಮಹಿಳೆ ಕವಿತಾ ದೇವಿ ಕಲಿತದ್ದು ಅಲ್ಲಿ. ಸಲ್ವಾರ್ ತೊಟ್ಟು ಎದುರಾಳಿಯನ್ನು ಎತ್ತಿ ಒಗೆದ ಅವರ ವಿಡಿಯೊ ದೇಶದ ತುಂಬ ಹರಿದಾಡಿತ್ತು. ಶ್ಯಾಂಕಿ ಕೂಡ ಅದೇ ಶಾಲೆಯವರು. ಅಂದರೆ ಒಂದೇ ಒಂದು ಸಣ್ಣ ರಿಂಗ್ ಇದ್ದರೂ ಅದರಿಂದ ಇಬ್ಬರು ಮೇಲೆ ಹೋದರು.

ಇಂಥ ಷೋಗಳ ಬಗ್ಗೆ ನಮ್ಮ ಮಾಧ್ಯಮಗಳ ನೋಟವೂ ಬದಲಾಗಬೇಕಿದೆ. 2016ರ ಫೆಬ್ರವರಿಯಲ್ಲಿ ಉತ್ತರಾಖಂಡದ ಹಲ್ದ್ವಾನಿ ಷೋನಲ್ಲಿ ಖಲಿ ಗಾಯಗೊಂಡು ಆಸ್ಪತ್ರೆ ಸೇರಿದ್ದು ರಾಷ್ಟ್ರೀಯ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಡೆಹ್ರಾಡೂನ್‌ನಲ್ಲಿ ಅವರು ಮತ್ತೆ ರಿಂಗ್ ಏರಿದ್ದೂ ಸುದ್ದಿಯಾಯಿತು. ಆದರೆ ಆ ಪಂದ್ಯಗಳು ಹೇಗಿದ್ದವು, ಜೊತೆಯಲ್ಲಿ ಆಡಿದ ಯುವಕರು ಏನು ಕಲಿತಿದ್ದರು ಎಂಬುದನ್ನು ಬರೆದವರು ವಿರಳ. ಒಂದೋ 'ಭೀಕರ ಕಾಳಗ' ಎಂದು ಬರೆಯುವುದು, ಇಲ್ಲವೇ 'ಎಲ್ಲ ನಾಟಕ' ಎಂದು ತಳ್ಳಿಹಾಕುವುದು. ಎರಡರಿಂದಲೂ ಕಲಿಯುವವನಿಗೆ ಉಪಯೋಗವಿಲ್ಲ.

ಸಣ್ಣ ಷೋ ನೋಡಲು ಹೋದರೆ ಗಮನಿಸಬೇಕಾದ್ದು

ಹೈದರಾಬಾದ್ ಹಳೆ ನಗರದಲ್ಲಿ ಕುಸ್ತಿಯ ತಾಲೀಮುಗಳಿವೆ. ಉತ್ತರ ಕರ್ನಾಟಕದಲ್ಲೂ ಗರಡಿಗೆ ತಾಲೀಮು ಎಂದೇ ಹೆಸರು. ಮಣ್ಣಿನ ಕುಸ್ತಿ ಬಲ್ಲ, ಡಬ್ಲ್ಯುಡಬ್ಲ್ಯುಇ ನೋಡಿ ಬೆಳೆದ ಹುಡುಗರು ಎರಡೂ ಕಡೆ ಇದ್ದಾರೆ. ನಾಳೆ ನಿಮ್ಮ ಊರಿನ ಸಭಾಂಗಣದಲ್ಲಿ ಯಾರಾದರೂ ರಿಂಗ್ ಕಟ್ಟಿದರೆ ಗಮನಿಸಬೇಕಾದ ಅಂಶಗಳು ಇವು.

* ರಿಂಗ್ ಗಟ್ಟಿಯಾಗಿದೆಯೇ, ಹಗ್ಗ ಬಿಗಿಯಾಗಿದೆಯೇ, ವೈದ್ಯರು ಮತ್ತು ಆಂಬುಲೆನ್ಸ್ ಇದ್ದಾರೆಯೇ? ಇವಿಲ್ಲದಿದ್ದರೆ ಉಳಿದದ್ದೆಲ್ಲ ಗೌಣ.
* ಮೊದಲ ಪಂದ್ಯ ಜನರನ್ನು ಎಚ್ಚರಿಸಿತೇ, ಕೊನೆಯ ಪಂದ್ಯಕ್ಕೆ ಹಸಿವು ಉಳಿಸಿತೇ? ಎಲ್ಲ ಪಂದ್ಯಗಳಲ್ಲೂ ಕುರ್ಚಿ, ಟೇಬಲ್ ಮುರಿದರೆ ಕೊನೆಯವರಿಗೆ ಮುರಿಯಲು ಏನೂ ಉಳಿಯುವುದಿಲ್ಲ.
* ಹೊಸಬನಿಗೆ 25 ನಿಮಿಷದ ಪಂದ್ಯ ಕೊಟ್ಟಿದ್ದಾರೆಯೇ? 7 ನಿಮಿಷ ಕೊಟ್ಟು ಮೂರು ಪಟ್ಟು ಚೊಕ್ಕವಾಗಿ ಮಾಡಿಸಿದರೆ ಅದು ಒಳ್ಳೆಯ ಬುಕ್ಕಿಂಗ್.
* ಸೋತವನ ಹೆಸರು ಮನೆಗೆ ಹೋದ ಮೇಲೂ ನೆನಪಿದೆಯೇ?
* ಪಾತ್ರ ಈ ನೆಲದ್ದೋ, ಅಮೆರಿಕದ ನಕಲೋ? ದಾರಾ ಸಿಂಗ್‌ಗೆ ಜನ ಒಲಿದದ್ದು ಅವರು ತಮ್ಮ ಊರಿನ ಪೈಲ್ವಾನನಂತೆ ಕಂಡದ್ದರಿಂದ.

ಹೊಸಬರ ಷೋ ಎಂದು ಸುಮ್ಮನೆ ಹೊಗಳುವ ಅಗತ್ಯವೂ ಇಲ್ಲ. ಕುತ್ತಿಗೆಗೆ ಅಪಾಯ ತಂದ ಒಂದು ಪಟ್ಟನ್ನು ನೋಡಿಯೂ ಚಪ್ಪಾಳೆ ತಟ್ಟಿದರೆ ಮುಂದಿನ ವಾರ ಆತ ಅದನ್ನೇ ಇನ್ನಷ್ಟು ಎತ್ತರದಿಂದ ಮಾಡುತ್ತಾನೆ. 'ಆ ಪಟ್ಟು ಬೇಡ, ಈ ಪಟ್ಟು ನಿನಗೆ ಒಪ್ಪುತ್ತದೆ' ಎಂದು ಹೇಳುವ ಹತ್ತು ಪ್ರೇಕ್ಷಕರಿದ್ದರೆ ಅವನ ಬೆನ್ನೂ ಉಳಿಯುತ್ತದೆ, ಷೋ ಕೂಡ ಉಳಿಯುತ್ತದೆ.

ಡಬ್ಲ್ಯುಡಬ್ಲ್ಯುಇ 2019ರಲ್ಲಿ ಮುಂಬೈನಲ್ಲಿ ಆಯ್ಕೆ ಶಿಬಿರ ನಡೆಸಿತ್ತು. ಮುಂದೆಯೂ ನಡೆಸಬಹುದು. ಅಲ್ಲಿಗೆ ಏಳು ಅಡಿ ಎತ್ತರದವರು ಹೋಗುತ್ತಾರೆ, ಆಯ್ಕೆಯೂ ಆಗುತ್ತಾರೆ. ಆದರೆ ಓವೆನ್ಸ್, ಝೇನ್, ಗುಂಥರ್ ಅಂಥವರ ಎದುರು ಸರಿಸಮ ನಿಲ್ಲಬೇಕಾದರೆ ಅದಕ್ಕೂ ಮೊದಲು ಇನ್ನೂರು ಜನರ ಮುಂದೆ, ಪುಟ್ಟ ರಿಂಗ್‌ನಲ್ಲಿ, ತಪ್ಪು ಹೇಳುವ ಪ್ರೇಕ್ಷಕರ ಎದುರು ವರ್ಷಗಟ್ಟಲೆ ಆಡಿರಬೇಕು. ಗಚ್ಚಿಬೌಲಿಯಲ್ಲಿ ಗೆದ್ದವರಿಗೂ ಸೋತ ಭಾರತೀಯರಿಗೂ ಇದ್ದ ದೊಡ್ಡ ವ್ಯತ್ಯಾಸ ಅದೇ.